ಬಂಗಾರದ ಗೀಟು

ಬನ್ನಿಗುಂಡಿಯ ಸರಕಾರಿ ಶಾಲೆಗೆ ಗಿಡ್ಡಮ್ಮ ಬಿಸಿಯೂಟದ ಅಡುಗೆಯವಳಾಗಿ ಬಂದಾಗ ಊರು ಬಹಳ ಯೋಚಿಸಿ ಒಂದು ತೀರ್ಪಿಗೆ ಬಂತು. ಅನ್ನ, ಸಾಂಬಾರು ಬೆಂಕಿಯ ಮೇಲೆ ಬೇಯುತ್ತವೆ. ಬೆಂಕಿ ಮುಟ್ಟಿದ ಮೇಲೆ ಮೈಲಿಗೆ ಉಳಿಯುವುದಿಲ್ಲ. ಆದ್ದರಿಂದ ಅವನ್ನು ಕೆಳಕೇರಿಯ ಗಿಡ್ಡಮ್ಮ ಮಾಡಲಿ. ಮಜ್ಜಿಗೆಗೆ ಬೆಂಕಿಯ ಆಸರೆ ಇಲ್ಲ. ಅದು ಗೌಡರ ಮನೆಯಿಂದಲೇ ಬರಲಿ. ಶಾಲಾ ಸಮಿತಿಯ ಅಧ್ಯಕ್ಷ ಪಾಲಾಕ್ಷಪ್ಪ ಗೌಡ ಈ ಮಾತು ಹೇಳಿದ ದಿನ ಎಂಥ ದೊಡ್ಡ ಮನಸ್ಸು ಎಂದು ಊರೆಲ್ಲ ತಲೆದೂಗಿತು. ದೊಡ್ಡ ಮನಸ್ಸೇ ಸರಿ. ಅಂದಿನಿಂದ ಊಟದ ಗಂಟೆಗೆ ಮುಂಚೆ ಅವನ ತಂಗಿ ಅಂಜಿನಕ್ಕ ಹಿತ್ತಾಳೆ ಕೊಡದಲ್ಲಿ ಮಜ್ಜಿಗೆ ತಂದು ತಾನೇ ಬಡಿಸುವಳು. ಅವಳು ಬಡಿಸಿ ಹೋಗುವವರೆಗೆ ಗಿಡ್ಡಮ್ಮ ಅಡುಗೆ ಕೋಣೆಯ ಮೂಲೆಯಲ್ಲಿ ಕೈಕಟ್ಟಿ ನಿಲ್ಲುವಳು. ಆ ಕೋಣೆಯ ಗೋಡೆಯ ಮೇಲೆ ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದರು. ಗಿಡ್ಡಮ್ಮನಿಗೆ ಓದಲು ಬರುತ್ತಿರಲಿಲ್ಲ, ಒಳ್ಳೆಯದೇ ಆಯಿತು.

ಮೊದಮೊದಲು ಅರ್ಧ ಮಕ್ಕಳು ಮನೆಯಿಂದ ಬುತ್ತಿ ತರುತ್ತಿದ್ದರು. ಗಿಡ್ಡಮ್ಮ ಯಾರನ್ನೂ ಕರೆಯಲಿಲ್ಲ, ಯಾರ ಕಾಲಿಗೂ ಬೀಳಲಿಲ್ಲ. ನುಗ್ಗೆ ಸೊಪ್ಪು ಹಾಕಿ, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟು ಸಾಂಬಾರು ಇಳಿಸುವಳು, ಅಷ್ಟೇ. ಆ ವಾಸನೆ ತರಗತಿಗಳೊಳಗೆ ಹೋಗಿ ತನ್ನ ಕೆಲಸ ತಾನು ಮಾಡಿತು. ವರ್ಷ ತುಂಬುವುದರೊಳಗೆ ಬುತ್ತಿಗಳೆಲ್ಲ ಮಾಯವಾದವು. “ಊರಾಗಿನ ಮಕ್ಕಳೆಲ್ಲ ನನ್ನ ಕೈಯಾಗಿನ ಅನ್ನ ಉಂಡು ಬೆಳ್ಯಾಕತ್ಯಾವ” ಎಂದು ಅವಳು ಮಗಳ ಮುಂದೆ ಹೇಳುವಾಗ ದನಿ ಬೇರೆಯೇ ಆಗುತ್ತಿತ್ತು. ಗಂಡ ಸುಂಕಪ್ಪ ಸತ್ತ ಮೇಲೆ ಅವಳಿಗೆ ಉಳಿದಿದ್ದ ದೊಡ್ಡಸ್ತಿಕೆ ಅದೊಂದೇ. ಆ ಸೌಟು ಅವಳ ಕೈಯಲ್ಲೇ ಇರಬೇಕು, ಅದು ಹೋಗಬಾರದು ಎಂಬುದೊಂದೇ ಮಗಳ ಹಾರೈಕೆಯೂ ಆಗಿತ್ತು.

ಮಗಳ ಹೆಸರು ಸಮತಾ. ಗೋಡೆಗೆ ಬುದ್ಧನ ಪಟ ಹಾಕಿ ಮಗಳಿಗೆ ಈ ಹೆಸರಿಟ್ಟವನು ಸುಂಕಪ್ಪ. ಹೆಸರಿಡುವುದು ಸುಲಭ, ಊರಿನ ಬಾಯಲ್ಲಿ ಅವಳು ‘ಗಿಡ್ಡಿ ಮಗಳು’ ಆಗಿಯೇ ಬೆಳೆದಳು. ಚಿಕ್ಕವಳಿದ್ದಾಗ ಅವ್ವನ ಜೊತೆ ಗೌಡರ ಹೊಲಕ್ಕೆ ಶೇಂಗಾ ಕೀಳಲು ಹೋಗುತ್ತಿದ್ದಳು. ಬಾಯಾರಿ ಅವರ ಮನೆಗೆ ಬಂದರೆ ಅಂಜಿನಕ್ಕ ಕಟ್ಟೆಯ ಮೇಲೆ ನಿಂತು ಚೊಂಬು ಬಗ್ಗಿಸುವಳು. ಕೆಳಗೆ ಕುಕ್ಕರಗಾಲಲ್ಲಿ ಕುಳಿತು ತಾಯಿ ಮಗಳು ಬೊಗಸೆ ಒಡ್ಡಿ ಕುಡಿಯಬೇಕು. ಮೊಣಕೈಯಿಂದ ಸೋರಿದ ನೀರು ಲಂಗವನ್ನೆಲ್ಲ ತೋಯಿಸುತ್ತಿತ್ತು. ಇನ್ನು ಸತ್ತರೂ ಯಾರ ಮುಂದೆಯೂ ಬೊಗಸೆ ಒಡ್ಡುವುದಿಲ್ಲ ಎಂದು ಸಮತಾ ಆಗಲೇ ನಿಶ್ಚಯಿಸಿದ್ದಳು. ಬಿ.ಎಸ್ಸಿ. ಓದಿ ಹಗರಿಬೊಮ್ಮನಹಳ್ಳಿಯ ಖಾಸಗಿ ಡೇರಿಯೊಂದರ ಪ್ರಯೋಗಾಲಯಕ್ಕೆ ಸೇರಿದಳು. ಅಲ್ಲಿಯೇ ಬಾಡಿಗೆ ಕೋಣೆ ಹಿಡಿದಿದ್ದಳು, ಭಾನುವಾರ ಊರಿಗೆ ಬರುತ್ತಿದ್ದಳು.

ಡೇರಿಯಲ್ಲಿ ಅವಳ ಕೆಲಸ ಹಾಲಿನಲ್ಲಿ ಕ್ರಿಮಿ ಹುಡುಕುವುದು. ಅದಕ್ಕೆ ಬೆರಳಗಲದ ಹೊಸ ಪಟ್ಟಿಗಳು ಬಂದಿದ್ದವು. ಒಂದು ಭಾನುವಾರ ಅವ್ವನಿಗೆ ತೋರಿಸಲೆಂದು ಒಂದನ್ನು ತಂದಳು. ಪಟ್ಟಿಯೊಳಗೆ ಬಂಗಾರದ ಪುಡಿ ಇದೆ, ಕಣ್ಣಿಗೆ ಕಾಣದಷ್ಟು ನುಣುಪು, ನ್ಯಾನೊ ಕಣ ಎನ್ನುತ್ತಾರೆ, ಅಷ್ಟು ನುಣುಪಾದರೆ ಬಂಗಾರವೂ ಹಳದಿ ಬಿಟ್ಟು ಕೆಂಪಾಗುತ್ತದೆ ಎಂದು ಬಿಡಿಸಿ ಹೇಳಿದಳು. ಒಂದೊಂದು ಕಣಕ್ಕೂ ಒಂದು ಕೊಕ್ಕೆ ಕಟ್ಟಿರುತ್ತಾರೆ, ಯಾವ ಕ್ರಿಮಿಗೆಂದು ಮಾಡಿದ ಕೊಕ್ಕೆಯೋ ಆ ಕ್ರಿಮಿಯನ್ನು ಮಾತ್ರ ಅದು ಹಿಡಿಯುತ್ತದೆ. ಸಗಣಿಯಿಂದ ಬರುವ ಕ್ರಿಮಿಗೆ ಒಂದು ಬಗೆಯ ಪಟ್ಟಿ, ಕೀವಾದ ಕೆಚ್ಚಲಿನಿಂದಲೋ ಗಾಯವಾದ ಕೈಯಿಂದಲೋ ಬರುವ ಕ್ರಿಮಿಗೆ ಇನ್ನೊಂದು. ನಾಲ್ಕು ಹನಿ ಬಿಟ್ಟು ಕಾದರೆ ಒಂದು ಕೆಂಪು ಗೆರೆ ಮೂಡುತ್ತದೆ. ಪಟ್ಟಿ ಸರಿ ಇದೆ, ಹಾಲೂ ಚೊಕ್ಕ ಎಂದು ಅರ್ಥ. ಎರಡು ಮೂಡಿದರೆ ಕ್ರಿಮಿ ಇದೆ.

ಗಿಡ್ಡಮ್ಮ ಬಿದ್ದು ಬಿದ್ದು ನಕ್ಕಳು. “ನನ್ನ ಕಿವ್ಯಾಗ ಹಿತ್ತಾಳಿ, ನಿಮ್ಮ ಹಾಲಿನಾಗ ಬಂಗಾರ! ಹೊತ್ತು ನೋಡವ್ವ ಎಂಥಾದ್ದು ಬಂತು.” ಆಮೇಲೆ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, “ಸುಳ್ಳು ಹೇಳಂಗಿಲ್ಲೇನ ಇದು?” ಎಂದು ಕೇಳಿದಳು. “ಇದಕ್ಕ ಸುಳ್ಳು ಬರಂಗಿಲ್ಲವ್ವ” ಎಂದಳು ಸಮತಾ.

ದಸರಾ ರಜೆ ಮುಗಿದು ಶಾಲೆ ತೆರೆದ ವಾರ ಮಕ್ಕಳು ಕಾಯಿಲೆ ಬಿದ್ದರು. ಮನೆಮನೆಯಲ್ಲೂ ವಾಂತಿ, ಭೇದಿ. ಟ್ರ್ಯಾಕ್ಟರಿನಲ್ಲಿ, ಆಟೋದಲ್ಲಿ ಮಕ್ಕಳನ್ನು ಹೊತ್ತುಕೊಂಡು ಆಸ್ಪತ್ರೆಗೆ ಓಡಿದರು. ಪುಣ್ಯಕ್ಕೆ ಯಾರಿಗೂ ಜೀವಕ್ಕೆ ಕುತ್ತಾಗಲಿಲ್ಲ, ಬಾಟಲಿ ಏರಿಸಿಕೊಂಡು ಎಲ್ಲರೂ ಚೇತರಿಸಿಕೊಂಡರು. ಆದರೆ ಹೆದರಿದ ಊರಿಗೆ ಒಂದು ತಲೆ ಬೇಕಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಊರದು, ಎಮ್ಮೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ.

ಮುಖ್ಯ ಶಿಕ್ಷಕ ಚನ್ನಬಸವ ಮೇಷ್ಟ್ರು ಫೋನು ಮಾಡಿದಾಗ ಸಮತಾ ಡೇರಿಯಲ್ಲಿದ್ದಳು. “ಲಗೂನ ಬಾರವ್ವ, ನನ್ನ ಮಾತು ಯಾರೂ ಕೇಳವಲ್ರು” ಎಂದರು. ಅವರ ಮಾತನ್ನು ಯಾರೂ ಎಂದೂ ಕೇಳಿದ್ದಿಲ್ಲ. ಅವರೂ ಕೇಳುವಂಥ ಮಾತು ಆಡಿದ್ದಿಲ್ಲ. ಸಮತಾ ಪಟ್ಟಿಗಳ ಡಬ್ಬಿಯನ್ನೇ ಚೀಲಕ್ಕೆ ಹಾಕಿಕೊಂಡು ಕೋಗಳಿ ಬಸ್ಸು ಹತ್ತಿದಳು, ಅಲ್ಲಿಂದಾಚೆ ಆಟೋ ಹಿಡಿದಳು.

ಶಾಲೆಯ ಅಂಗಳದಲ್ಲಿ ಜನ ಸುತ್ತುಗಟ್ಟಿ ನಿಂತಿದ್ದರು. ನಡುವೆ ನೆಲದ ಮೇಲೆ ಗಿಡ್ಡಮ್ಮ ಕುಳಿತಿದ್ದಳು. ಅವಳ ಮುಂದೆ ಹಿಂದಿನ ದಿನ ಉಳಿದ ಸಾಂಬಾರಿನ ಪಾತ್ರೆ. ಪಾಲಾಕ್ಷಪ್ಪ ಗೌಡ ಕುರ್ಚಿಯ ಮೇಲೆ ಕುಳಿತು, ಸಿಟ್ಟಿಲ್ಲದೆ, ಮಕ್ಕಳಿಗೆ ಊಟ ಮಾಡಿಸುವ ದನಿಯಲ್ಲಿ, “ಉಣ್ಣು ಗಿಡ್ಡವ್ವ, ಇನ್ನಷ್ಟು ಉಣ್ಣು. ನೀನ ಮಾಡಿದ್ದಲ್ಲ?” ಎನ್ನುತ್ತಿದ್ದ. ಅವಳು ಹಳಸಿದ ಸಾಂಬಾರನ್ನು ಕೈಯಲ್ಲಿ ತೆಗೆತೆಗೆದು ಕುಡಿಯುತ್ತಿದ್ದಳು. ಮಗಳನ್ನು ಕಂಡು ಕೈ ನಿಲ್ಲಿಸಿದಳು. ಸಮತಾಳಿಗೆ ಆ ಪಾತ್ರೆಯನ್ನು ಎತ್ತಿ ಅವನ ತಲೆಯ ಮೇಲೆ ಸುರಿಯಬೇಕೆನಿಸಿತು. ಸುರಿಯಲಿಲ್ಲ.

ಗಿಡ್ಡಮ್ಮನಿಗೆ ಏನೂ ಆಗಿರಲಿಲ್ಲ. ಅಷ್ಟಕ್ಕೆ ಮಾತು ಮುಗಿಯಬೇಕಿತ್ತು. ಆದರೆ ಗುಂಪಿನೊಳಗಿಂದ ಒಬ್ಬ, “ಇವ್ರಿಗೇನಾಗ್ತತಿ ಬಿಡ್ರಿ. ಇವ್ರು ಏನು ತಿಂದ್ರೂ ದಕ್ಕಿಸ್ಕೊಂತಾರ” ಎಂದ. ಹೌದೌದು ಎಂದು ನಾಲ್ಕು ಜನ ತಲೆಯಾಡಿಸಿದರು. ಕಾಯಿಲೆ ಬಿದ್ದಿದ್ದರೆ ಅವಳ ತಪ್ಪು, ಬೀಳದಿದ್ದರೆ ಅವಳ ಜಾತಿ.

“ಗೌಡ್ರ,” ಎಂದಳು ಸಮತಾ, “ಯಾರ ಬಾಯಿ ಮಾತೂ ಬ್ಯಾಡ. ನಾನು ನಿಮ್ಮೆಲ್ಲರ ಮುಂದ ಪರೀಕ್ಷೆ ಮಾಡ್ತೀನಿ. ಸಾಂಬಾರು, ಅಕ್ಕಿ, ನೀರು, ನಮ್ಮವ್ವನ ಕೈ, ಎಲ್ಲಾ. ಮಜ್ಜಿಗಿನೂ ಕೊಡ್ರಿ.”

“ಮಜ್ಜಿಗಿ?” ಗೌಡ ನಕ್ಕ. “ಅದು ನಮ್ಮ ಮನಿದವ್ವ. ಅಂಜಿನವ್ವಾ, ಇವತ್ತಿಂದು ಕೊಡ ಐತಲ್ಲ, ತಗಂಬಾ. ಆಕಿ ಮನಸಿಗ್ಯಾಕ ಕೊರತಿ.”

ಅಂಜಿನಕ್ಕ ಕೊಡ ತಂದಳು. ಸಮತಾ ಸಣ್ಣ ಸೀಸೆ ಹಿಡಿದು ಹತ್ತಿರ ಹೋದಳು. “ದೂರ ನಿಂದ್ರು, ದೂರ ನಿಂದ್ರು” ಎನ್ನುತ್ತ ಅಂಜಿನಕ್ಕ ಕೊಡವನ್ನು ಎತ್ತರಕ್ಕೆ ಹಿಡಿದು ಮೇಲಿನಿಂದ ಬಗ್ಗಿಸಿದಳು. ಅರ್ಧ ಸೀಸೆಯೊಳಗೆ ಬಿತ್ತು, ಅರ್ಧ ಸಮತಾಳ ಮುಂಗೈ ಮೇಲೆ ಹರಿದು ಮೊಣಕೈಯಿಂದ ಸೋರಿತು. ಬಿ.ಎಸ್ಸಿ. ಓದಿದ ಕೈ, ಆದರೂ ಮಜ್ಜಿಗೆ ಹರಿದದ್ದು ಹಳೆಯ ದಾರಿಯಲ್ಲೇ.

ಧ್ವಜದ ಕಟ್ಟೆಯ ಮೇಲೆ ಪಟ್ಟಿಗಳನ್ನು ಸಾಲಾಗಿ ಇಟ್ಟಳು. ಜನ ಬಗ್ಗಿ ನೋಡಿದರು. ಸಾಂಬಾರಿಗೆ ಒಂದು ಗೆರೆ. ನೀರಿಗೆ ಒಂದು. ಅಕ್ಕಿ ತೊಳೆದ ನೀರಿಗೆ ಒಂದು. ಗಿಡ್ಡಮ್ಮನ ಎರಡೂ ಅಂಗೈ ಒರೆಸಿದ ಹತ್ತಿಕಡ್ಡಿಗೆ ಒಂದೇ ಒಂದು. ಮಜ್ಜಿಗೆಯ ಸಗಣಿ ಕ್ರಿಮಿಯ ಪಟ್ಟಿಯಲ್ಲಿ ಮೊದಲನೆಯ ಗೆರೆ ಮೂಡಿತು, ಅದರ ಪಕ್ಕದಲ್ಲಿ ಇನ್ನೊಂದು ಗೆರೆ ದಾಳಿಂಬೆಯ ಬಣ್ಣಕ್ಕೆ ದಟ್ಟವಾಗಿ ಬಂತು.

“ಮಜ್ಜಿಗಿಗೆ ಯಾವ ನೀರು ಹಾಕೀರಿ, ಅಕ್ಕಾರ?” ಎಂದು ಕೇಳಿದಳು ಸಮತಾ.

ಅಂಜಿನಕ್ಕ ತಪ್ಪು ಮಾಡಿದವಳಂತೆ ಅಲ್ಲ, ಮಡಿ ಕಾಯ್ದುಕೊಂಡವಳ ಹೆಮ್ಮೆಯಿಂದ ಹೇಳಿದಳು: “ನಲ್ಲಿ ನೀರು ನಾನು ಹಾಕಂಗಿಲ್ಲವ್ವ. ಈ ದಸರಾದಿಂದ ಅದಾ ಟಾಕಿ ನೀರು ನಿಮ್ಮ ಕೇರಿಗೂ ಹೋಗ್ತೈತಿ. ನಮ್ಮ ಹಿತ್ತಿಲದಾಗ ದನಕ್ಕ ಬಾವಿ ನೀರು ಬಿಟ್ಟ ತೊಟ್ಟಿ ಐತಲ್ಲ, ಅದರಾಗಿಂದು ತಗೊಂತೀನಿ. ದನ ಮುಟ್ಟಿದ್ರ ಏನೂ ಮೈಲಿಗಿ ಇಲ್ಲ.”

ಕೆಳಕೇರಿಯ ನಲ್ಲಿಗೆ ಹೇಸಿ ದನದ ತೊಟ್ಟಿಯ ನೀರನ್ನು ಮಕ್ಕಳಿಗೆ ಕುಡಿಸಿದ್ದರು. ಸಮತಾಳ ಎದೆ ಉಬ್ಬಿತು. ಸುಮ್ಮನಿರಬೇಕಾದ ಕಡೆ ಅವಳು ಒಂದು ಮಾತು ಹೆಚ್ಚು ಆಡಿದಳು. ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, “ನೋಡ್ರಿ, ಈ ಬಂಗಾರಕ್ಕ ಜಾತಿ ಗೊತ್ತಿಲ್ಲ. ಇದು ಯಾರ ಮುಲಾಜೂ ನೋಡಂಗಿಲ್ಲ, ಸುಳ್ಳೂ ಹೇಳಂಗಿಲ್ಲ” ಎಂದಳು.

ಪಾಲಾಕ್ಷಪ್ಪ ಗೌಡನ ಮುಖ ಸ್ವಲ್ಪ ಹೊತ್ತು ಕಪ್ಪಿಟ್ಟಿತು. ಆದರೆ ಅವನು ದಡ್ಡನಲ್ಲ. ದಡ್ಡನಾಗಿದ್ದರೆ ಕೂಗಾಡುತ್ತಿದ್ದ, ಪಟ್ಟಿ ಹರಿದು ಎಸೆಯುತ್ತಿದ್ದ, ಆಗ ಅವನನ್ನು ಗೆಲ್ಲಬಹುದಿತ್ತು. ಅವನು ಕುರ್ಚಿಯಿಂದ ಎದ್ದು ಸಮತಾಳಿಗೆ ಕೈ ಮುಗಿದ. “ಕಣ್ಣು ತೆರೆಸಿದಿ ಮಗಳ. ಇವತ್ತಿಂದ ಮಜ್ಜಿಗಿ ಬಂದ್” ಎಂದ. ಗಿಡ್ಡಮ್ಮ ಅಂಗಳದಲ್ಲಿ ಕುಳಿತಲ್ಲೇ ಅತ್ತಳು. ಆ ದಿನ ತಾಯಿ ಮಗಳು ಮನೆಗೆ ನಡೆದು ಹೋಗುವಾಗ ಕೆಳಕೇರಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು.

ಮುಂದಿನ ವಾರ ಶಾಲಾ ಸಮಿತಿಯ ಸಭೆ. ಸಮತಾಳನ್ನೂ ಕರೆಸಿ, ಶಾಲು ಹೊದಿಸಿ, ಮೇಷ್ಟ್ರ ಪಕ್ಕದಲ್ಲಿ ಕುರ್ಚಿ ಹಾಕಿಸಿದರು. ಆಮೇಲೆ ಗೌಡ ಮೆಲ್ಲಗೆ ಮಾತು ತೆಗೆದ. ಇಂಥ ಒಳ್ಳೆಯ ವಸ್ತು ಇದೆ ಎಂದು ಗೊತ್ತಾದ ಮೇಲೂ ಸುಮ್ಮನಿದ್ದರೆ ಮಕ್ಕಳ ಪಾಪ ಸುತ್ತಿಕೊಳ್ಳದೆ ಬಿಡುತ್ತದೆಯೆ? ಪಟ್ಟಿಗಳನ್ನು ತಾನೇ ತರಿಸಿ ಕೊಡುತ್ತೇನೆ, ದಿನಾ ಬೆಳಿಗ್ಗೆ ಅಡುಗೆಗೆ ಮುಂಚೆ ಅಡುಗೆಯವರ ಕೈ ನೋಡೋಣ. ಅಷ್ಟು ಹೇಳಿ ಸಮತಾಳ ಕಡೆ ತಿರುಗಿದ: “ಅದಕ್ಕ ಜಾತಿ ಗೊತ್ತಿಲ್ಲ ಅಂತ ನೀನ ಹೇಳಿಯಲ್ಲವ್ವ. ಹಂಗಾರ ಇದರಾಗ ತಪ್ಪೇನೈತಿ?”

ಡೇರಿಯಲ್ಲಿ ಸಮತಾಳ ಕೈಯನ್ನೂ ಪರೀಕ್ಷೆ ಮಾಡುತ್ತಾರೆ, ಅದು ಒಳ್ಳೆಯ ಪದ್ಧತಿಯೇ. ಹೆಗಲ ಮೇಲೆ ಶಾಲು ಬೇರೆ ಇತ್ತು. ಅವಳು ತಲೆಯಾಡಿಸಿದಳು. ಹತ್ತಿಕಡ್ಡಿಯಲ್ಲಿ ಹೇಗೆ ಒರೆಸಬೇಕು, ಎಷ್ಟು ಹನಿ ಬಿಡಬೇಕು ಎಂದು ಚನ್ನಬಸವ ಮೇಷ್ಟ್ರಿಗೆ ತಾನೇ ಕಲಿಸಿಕೊಟ್ಟಳು.

ಹಾಗೆ ಅದು ಶುರುವಾಯಿತು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಸಾಲು ಬಿಡದೆ ನಿಂತಿರುವರು. ಗಿಡ್ಡಮ್ಮ ಧ್ವಜದ ಕಟ್ಟೆಯ ಮುಂದೆ ಬಂದು ಎರಡೂ ಕೈ ಚಾಚುವಳು. ಮೇಷ್ಟ್ರು ತೋಳಿನುದ್ದ ದೂರ ನಿಂತು, ಅವಳ ಕೈ ತನ್ನ ಕೈಗೆ ತಾಗದಂತೆ, ಹತ್ತಿಕಡ್ಡಿಯ ತುದಿಯನ್ನು ಅವಳ ಅಂಗೈ ಮೇಲೆ ಹಾಯಿಸಿ ತೆಗೆಯುವರು. ಒಂದು ಗೆರೆ ಬಂದರೆ ಮಕ್ಕಳು ಚಪ್ಪಾಳೆ ತಟ್ಟಬೇಕು. ಚಪ್ಪಾಳೆಯ ಆಲೋಚನೆ ಗೌಡನದು. ಮಜ್ಜಿಗೆ ನಿಂತ ಮೇಲೆ ಅಂಜಿನಕ್ಕನಿಗೆ ಬೇಜಾರಾಗಬಾರದೆಂದು ಅನ್ನ ಬಡಿಸುವ ಕೆಲಸ ಕೊಟ್ಟಿದ್ದರು. ಅವಳು ಕೈ ಚಾಚಬೇಕಾಗಿರಲಿಲ್ಲ. ಅವಳು ಬರೀ ಬಡಿಸುವವಳು ಎಂದರು.

ಒಂದು ದಿನ ರಜೆ ಹಾಕಿ ಊರಿಗೆ ಬಂದ ಸಮತಾ ಇದನ್ನು ಕಣ್ಣಾರೆ ಕಂಡಳು. ಅವ್ವ ಆ ಚಪ್ಪಾಳೆಗೆ ನಗುತ್ತಿದ್ದಳು. ಬಡಿಸುವವರ ಕೈಯನ್ನೂ ನೋಡಿ, ಇಲ್ಲವೆ ಈ ಆಟ ನಿಲ್ಲಿಸಿ ಎಂದು ಮೇಷ್ಟ್ರಿಗೆ ಹೇಳಿದಳು. “ಸಮಿತಿ ಮಾಡಿದ್ದವ್ವ, ನಾನೇನು ಮಾಡ್ಲಿ” ಎಂದರು ಅವರು. ಗೌಡನಿಗೆ ಹೇಳಿದಳು. “ನಿಮ್ಮವ್ವನ ಕೈ ಚೊಲೋ ಐತಲ್ಲ, ಮತ್ತ ಅಂಜಿಕಿ ಯಾಕ?” ಎಂದ ಅವನು. ಅವ್ವನಿಗೆ ಹೇಳಿದಳು. ಅವ್ವ ಮಗಳ ಮೇಲೆಯೇ ರೇಗಿದಳು: “ದಿನಾ ಎಲ್ಲಾರ ಮುಂದ ನನ್ನ ಕೈ ಚೊಕ್ಕ ಅಂತ ಬಂಗಾರ ಹೇಳ್ತೈತಿ. ನಿಮ್ಮಪ್ಪ ಇದ್ದಿದ್ರ ಎಷ್ಟು ಹಿಗ್ಗತಿದ್ದ! ನೀನ್ಯಾಕ ಅಡ್ಡ ಬಾಯಿ ಹಾಕ್ತಿ?”

ಆದರೆ ದಿನಾ ಗೆಲ್ಲಬೇಕಾದವಳಿಗೆ ಒಂದು ದಿನ ಸೋಲುವ ಭಯವೂ ಇರುತ್ತದೆ. ಗಿಡ್ಡಮ್ಮ ಬೆಳಿಗ್ಗೆ ಎದ್ದು ಸೋಪಿನಲ್ಲಿ ಕೈ ಉಜ್ಜುವಳು. ಅದು ಸಾಲದೆಂದು ಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕುವಳು. ಆಮೇಲೆ ಶಾಲೆಯ ನೀರಿನ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪುಡಿ ಕಣ್ಣಿಗೆ ಬಿತ್ತು. ಟ್ಯಾಂಕಿನೊಳಗಿನ ಕ್ರಿಮಿಯನ್ನೇ ಕೊಲ್ಲುವುದು ಕೈಯ ಮೇಲಿನದನ್ನು ಬಿಡುತ್ತದೆಯೆ? ಬಟ್ಟಲಲ್ಲಿ ಕಲಸಿ ಕೈ ಅದ್ದಿಕೊಂಡು ಕೂರತೊಡಗಿದಳು. ಉರಿದರೆ, ಕ್ರಿಮಿ ಸಾಯುತ್ತಿವೆ ಎಂದುಕೊಂಡು ಹಲ್ಲು ಕಚ್ಚುವಳು. ಚಳಿಗಾಲದ ಒಣಗಾಳಿ ಬೀಸತೊಡಗಿದಾಗ ಚರ್ಮ ಬಿರಿಯಿತು. ಬೆರಳ ಸಂದುಗಳಲ್ಲಿ, ಅಂಗೈಯ ಗೆರೆಗಳಲ್ಲಿ ಸೀಳು ಬಿಟ್ಟು ರಸಿಗೆ ಒಸರತೊಡಗಿತು.

ಸಮತಾಳಿಗೆ ಇದು ಗೊತ್ತಾದದ್ದು ರೊಟ್ಟಿಯಿಂದ. ಆ ಭಾನುವಾರ ಅವ್ವ ರೊಟ್ಟಿ ಬಡಿಯುವ ಸದ್ದೇ ಕೇಳಲಿಲ್ಲ, ಪಕ್ಕದ ಮನೆಯಿಂದ ಇಸಕೊಂಡ ರೊಟ್ಟಿ ಬುಟ್ಟಿಯಲ್ಲಿತ್ತು. ಕೈ ಹಿಡಿದು ತಿರುಗಿಸಿ ನೋಡಿದಳು. ಅವಳಿಗೆ ಅಳು ಬಂತು, ಅದಕ್ಕಿಂತ ಮುಂಚೆ ಭಯ ಬಂತು. ಬಿರಿದ ಚರ್ಮದಲ್ಲಿ ಯಾವ ಕ್ರಿಮಿ ಮನೆ ಮಾಡುತ್ತದೆ ಎಂಬುದು ಅವಳ ದಿನನಿತ್ಯದ ಪಾಠ. ಔಷಧಿ ಹಚ್ಚುವ ನೆಪದಲ್ಲಿ ಸೀಳುಗಳೊಳಗೆ ಹತ್ತಿಕಡ್ಡಿ ಆಡಿಸಿ, ಹಿತ್ತಿಲಿಗೆ ಹೋಗಿ ಗಾಯದ ಕ್ರಿಮಿಯ ಪಟ್ಟಿಗೆ ಹನಿ ಬಿಟ್ಟಳು. ಎರಡು ಗೆರೆ ಬಂತು. ಮೇಷ್ಟ್ರಿಗೆ ಮುಟ್ಟಲು ಹೇಸಿಕೆ, ಕಡ್ಡಿ ಮೇಲೆ ಮೇಲೆ ಹಾಯುತ್ತಿತ್ತು, ಅದಕ್ಕೇ ಶಾಲೆಯಲ್ಲಿ ಇನ್ನೂ ಒಂದೇ ಬರುತ್ತಿತ್ತು. ಆ ಹೇಸಿಕೆಯೇ ಇಲ್ಲಿಯವರೆಗೆ ಅವ್ವನನ್ನು ಕಾಪಾಡಿತ್ತು.

ಒಳಗೆ ಬಂದು, “ಅವ್ವಾ, ಕೈ ಬಾಳ ಕೆಟ್ಟೈತಿ. ಮಾಯೋತನಕ ರಜಾ ಹಾಕು. ಬ್ಲೀಚಿಂಗ್ ಮುಟ್ಟಬ್ಯಾಡ” ಎಂದಳು.

“ರಜಾ ಹಾಕಿದ್ರ ಅಂಜಿನವ್ವ ಸೌಟು ಹಿಡಿತಾಳ. ಒಮ್ಮೆ ಹಿಡಿದ್ಲಂದ್ರ ಬಿಡ್ತಾಳೇನ? ಶುಕ್ರವಾರ ಮ್ಯಾಲಿನ ಸಾಹೇಬ್ರು ಬರ್ತಾರಂತ, ನಮ್ಮ ಸಾಲಿ ಬಂಗಾರದ ಪಟ್ಟಿ ನೋಡಾಕ. ನೀನ ಬಂದು ಮಾಡಿ ತೋರಿಸಬೇಕಂತ, ಗೌಡ್ರು ಹೇಳ್ಯಾರ. ಅದು ಮುಗೀಲಿ.”

ಆಗಲೇ ಹೇಳಬೇಕಿತ್ತು, ಎರಡು ಗೀಟು ಬಂದಿದೆ ಎಂದು. ಅವ್ವನ ಮುಖದ ಮೇಲಿನ ಆ ಹಿಗ್ಗನ್ನು ತನ್ನ ಕೈಯಾರೆ ಒರೆಸುವುದು ಸಮತಾಳಿಂದ ಆಗಲಿಲ್ಲ. ಡೇರಿಯ ಕೈಗವಸುಗಳನ್ನು ಕೊಟ್ಟು, ಶುಕ್ರವಾರದವರೆಗೆ ಇವನ್ನು ಹಾಕಿಕೊಳ್ಳದೆ ಒಂದು ಕಾಳನ್ನೂ ಮುಟ್ಟಬೇಡ ಎಂದು ಅಪ್ಪನ ಮೇಲೆ ಆಣೆ ಹಾಕಿಸಿದಳು. ಪರೀಕ್ಷೆಗೂ ಅವಳ ಬಳಿ ಒಂದು ಉಪಾಯ ಇತ್ತು. ಅವ್ವನ ಕೈ ಒರೆಸಿದ ಹಾಗೆ ಮಾಡಿ, ಹತ್ತಿಕಡ್ಡಿಯನ್ನು ತನ್ನ ಅಂಗೈಗೆ ಒತ್ತಿಕೊಳ್ಳುವುದು. ಒಂದು ಸುಳ್ಳು, ಒಂದೇ ಸಲ. ಸಾಹೇಬರು ಹೋದ ಮೇಲೆ ಅವ್ವನನ್ನು ಹಗರಿಬೊಮ್ಮನಹಳ್ಳಿಗೆ ಕರೆದುಕೊಂಡು ಹೋಗಿ ಕೈ ವಾಸಿ ಮಾಡಿಸಿ ಕಳಿಸುವುದು.

ಶುಕ್ರವಾರ ಅಂಗಳದಲ್ಲಿ ಶಾಮಿಯಾನ. ಸಾಹೇಬರು, ಗೌಡ, ಮೇಷ್ಟ್ರು, ಊರಿನ ಜನ, ಸಾಲಾಗಿ ಕುಳಿತ ಮಕ್ಕಳು. ಗಿಡ್ಡಮ್ಮ ಮಗಳು ಕೊಡಿಸಿದ ಹೊಸ ಸೀರೆ ಉಟ್ಟು ಬಂದು ಕೈ ಚಾಚಿದಳು. ಸಮತಾ ಅವ್ವನ ಕೈಯನ್ನು ತನ್ನ ಎಡಗೈಯಲ್ಲಿ ಹಿಡಿದು, ಜನರಿಗೆ ಅರ್ಧ ಬೆನ್ನು ಮಾಡಿ ನಿಂತು, ಹತ್ತಿಕಡ್ಡಿಯನ್ನು ಹಗುರವಾಗಿ ಹಾಯಿಸಿದಳು. ಇನ್ನೇನು ಕಡ್ಡಿಯನ್ನು ತನ್ನ ಅಂಗೈ ಕಡೆ ತಿರುಗಿಸಬೇಕು.

“ಸಾಹೇಬ್ರಿಗೆ ಕಾಣವಲ್ದು, ಈ ಕಡಿ ತಿರುಗವ್ವ” ಎಂದ ಗೌಡ.

ಸಮತಾ ತಿರುಗಿದಳು. ಅಷ್ಟರಲ್ಲಿ ಗಿಡ್ಡಮ್ಮನೇ ಮಗಳ ಕೈಯಿಂದ ಕಡ್ಡಿ ತೆಗೆದುಕೊಂಡಳು. “ಹಿಂಗ ಮ್ಯಾಲ ಮ್ಯಾಲ ಒರಸಿದ್ರ ನಾಳಿ ಏನರ ಅಂದಾರವ್ವ. ಒತ್ತಿ ಒರಸಬೇಕು. ನನ್ನ ಕೈ ಎಂಥಾದ್ದು ಅಂತ ಸಾಹೇಬ್ರು ನೋಡ್ಲಿ” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಒಂದೊಂದು ಸೀಳಿನೊಳಗೂ ಕಡ್ಡಿಯನ್ನು ಒತ್ತಿ ಒತ್ತಿ ತಿರುವಿದಳು. ನೋವಿಗೆ ಅವಳ ಕಣ್ಣಲ್ಲಿ ನೀರು ಬಂತು, ಮುಖ ಮಾತ್ರ ನಗುತ್ತಿತ್ತು. ದಿನಾ ನೋಡಿ ಕಲಿತಿದ್ದಳಲ್ಲ, ತಾನೇ ಕಡ್ಡಿಯನ್ನು ಸೀಸೆಯಲ್ಲಿ ಅದ್ದಿ, ತಾನೇ ಪಟ್ಟಿಯ ಮೇಲೆ ಹನಿ ಬಿಟ್ಟಳು. ಮಕ್ಕಳು ಚಪ್ಪಾಳೆಗೆಂದು ಕೈ ಎತ್ತಿ ಹಿಡಿದು ಕುಳಿತಿದ್ದರು.

ಮೊದಲ ಗೆರೆ ಬಂತು. ಆಮೇಲೆ ಇನ್ನೊಂದು, ಮೊದಲು ಮಸುಕಾಗಿ, ನೋಡುನೋಡುತ್ತ ದಟ್ಟವಾಗಿ.

“ಓದವ್ವ,” ಎಂದ ಗೌಡ, ಬಹಳ ಮೆತ್ತಗೆ. “ನೀನ ಓದು. ನಮಗೇನು ತಿಳಿತೈತಿ.”

ಸಮತಾ ಅವ್ವನನ್ನು ನೋಡಿದಳು. ಅವ್ವ ಕೈ ಇನ್ನೂ ಚಾಚಿಕೊಂಡೇ ಪಟ್ಟಿಯನ್ನೂ ಮಗಳನ್ನೂ ನೋಡುತ್ತಿದ್ದಳು. “ಎರಡು” ಎಂದಳು ಸಮತಾ. ಆಮೇಲೆ ಅವಳು ಬಹಳ ಮಾತಾಡಿದಳು. ಕೈ ಬಿರಿದಿದೆ, ಬಿರಿದದ್ದು ಬ್ಲೀಚಿಂಗ್ ಪುಡಿಯಿಂದ, ಯಾರ ಕೈ ಹೀಗೆ ಬಿರಿದರೂ ಈ ಕ್ರಿಮಿ ಬರುತ್ತದೆ, ಮಾಯ್ದರೆ ಹೋಗುತ್ತದೆ, ಅಂಜಿನಕ್ಕನ ಕೈಯನ್ನೂ ಒರೆಸಿ ನೋಡಿ, ಈಗಲೇ ನೋಡಿ ಎಂದು ಕೂಗಿದಳು.

“ಅಂಜಿನವ್ವಗೇನಾಗೇತಿ? ಗೀಟು ಬಂದಿದ್ದು ಆಕಿಗಲ್ಲಲ್ಲ” ಎಂದ ಗೌಡ. ಸಾಹೇಬರು ಗಡಿಯಾರ ನೋಡಿಕೊಂಡು, ಮಕ್ಕಳ ಸುರಕ್ಷತೆಯ ವಿಷಯ, ಒಳ್ಳೆಯ ವ್ಯವಸ್ಥೆ ಮಾಡಿದ್ದೀರಿ ಎಂದು ಹೊರಟರು. ಗೌಡ ಗಿಡ್ಡಮ್ಮನ ಕಡೆ ತಿರುಗಿ, “ನಿಂದೇನೂ ತಪ್ಪಿಲ್ಲ ಗಿಡ್ಡವ್ವ. ನಾವು ಅಂದಿದ್ದಲ್ಲ ಇದು, ನಿನ್ನ ಮಗಳ ಬಂಗಾರ ಅಂದಿದ್ದು” ಎಂದ. ಅಂದಿನ ಅಡುಗೆಗೆ ಸೌಟು ತೆಗೆದುಕೊಂಡ ಅಂಜಿನಕ್ಕ ಸೆರಗಿಗೆ ಕೈ ಒರೆಸಿಕೊಂಡಳು, ತೊಳೆಯಲಿಲ್ಲ. ಊಟದ ಗಂಟೆಗೆ ಮಕ್ಕಳು ತಟ್ಟೆ ಹಿಡಿದು ಸಾಲಿನಲ್ಲಿ ನಿಂತರು.

ಮನೆಗೆ ಬಂದ ಮೇಲೆ ಗಿಡ್ಡಮ್ಮ ಅಳಲಿಲ್ಲ, ಯಾರನ್ನೂ ಬಯ್ಯಲಿಲ್ಲ. ಒಲೆಯಿಂದ ದೂರ, ಬಾಗಿಲ ಬಳಿ ಕುಳಿತಳು. ಹೊತ್ತು ಏರಿದರೂ ಎದ್ದು ಮಗಳಿಗೆ ಬಡಿಸಲಿಲ್ಲ. ಸಮತಾ ಹುಟ್ಟಿದಾಗಿನಿಂದ ಹಾಗೆ ಆಗಿದ್ದೇ ಇಲ್ಲ.

“ನೀನ ತಗೊಂಡು ಉಣ್ಣವ್ವ,” ಎಂದಳು. “ನನ್ನ ಕೈ ಬ್ಯಾಡ.”

ಸಮತಾ ಅವಳ ಮುಂದೆ ಕುಳಿತು ಮತ್ತೆ ಮೊದಲಿನಿಂದ ಎಲ್ಲ ಹೇಳಿದಳು. ಚರ್ಮ, ಸೀಳು, ಬ್ಲೀಚಿಂಗ್, ಕ್ರಿಮಿ. ತಾನು ಭಾನುವಾರವೇ ನೋಡಿದ್ದೆ, ಹೇಳದೆ ಮುಚ್ಚಿಟ್ಟೆ ಎಂದೂ ಹೇಳಿದಳು. ಗಿಡ್ಡಮ್ಮ ಸಾವಿನ ಮನೆಯಲ್ಲಿ ಬಂದವರ ಸಮಾಧಾನ ಕೇಳಿಸಿಕೊಳ್ಳುವ ಹಾಗೆ ಕೇಳಿಸಿಕೊಂಡಳು.

“ಇರ್ಲಿ ಬಿಡವ್ವ. ಮನಷ್ಯಾರು ಅಂದಿದ್ರ ಸುಳ್ಳು ಅಂತಿದ್ದೆ. ಇಷ್ಟು ವರ್ಷ ಅಂದಾರ, ನಾನು ನಂಬಿದ್ನೇನ? ಬಂಗಾರಕ್ಕ ಸುಳ್ಳು ಬರಂಗಿಲ್ಲ ಅಂದಾಕಿ ನೀನ.” ಆಮೇಲೆ ತುಟಿ ಸವರಿಕೊಂಡು, “ನೀರಡಿಕಿ ಆಗೇತಿ” ಎಂದಳು.

ಸಮತಾ ಚೊಂಬು ತಂದು ಕೈಗೆ ಕೊಡಲು ಹೋದಳು. ಗಿಡ್ಡಮ್ಮ ತೆಗೆದುಕೊಳ್ಳಲಿಲ್ಲ. ಕೈಗಳನ್ನು ಹಿಂದಕ್ಕೆ ಎಳೆದುಕೊಂಡು, ಹೊಸ ಸೀರೆಯನ್ನು ಮೊಣಕಾಲಿನ ನಡುವೆ ಸಿಕ್ಕಿಸಿ ಕುಕ್ಕರಗಾಲಲ್ಲಿ ಕುಳಿತಳು. ಬಿರಿದ ಎರಡೂ ಕೈ ಸೇರಿಸಿ ಬಾಯಿಗೆ ಬೊಗಸೆ ಹಿಡಿದಳು.

“ಚೊಂಬಿಗೆ ತಾಗೀತು. ಎದ್ದು ನಿಂತು ಮ್ಯಾಲಿಂದ ಹಾಕವ್ವ” ಎಂದಳು.

ಸಮತಾ ಇಲ್ಲ ಎಂದಳು, ಬೈದಳು, ಕೈ ಹಿಡಿದು ಎಳೆದಳು, ಅತ್ತಳು. ಗಿಡ್ಡಮ್ಮ ಬೊಗಸೆ ಬಿಚ್ಚಲಿಲ್ಲ. ತುಟಿ ಒಣಗಿ ಬಿಳುಚಿಕೊಂಡಿತ್ತು, ಬೆಳಗಿನಿಂದ ಅವಳು ಹನಿ ನೀರು ಕುಡಿದಿರಲಿಲ್ಲ. ಕೊನೆಗೆ ಸಮತಾ ಎದ್ದು ನಿಂತು, ಚೊಂಬನ್ನು ಎತ್ತರಕ್ಕೆ ಹಿಡಿದು, ಅವ್ವನ ಬೊಗಸೆಗೆ ನೀರು ಹಾಕಿದಳು.